ಬಲಗಡೆಯ ಹೂವು

ದೇವರಿಗೆ ನಾನೊಮ್ಮೆ ಮೋಸ ಮಾಡಿದ್ದೇನೆ. ಹಾಲ್‌ನ ಫ್ಯಾನ್ ಆರಿಸದೆ.

ನನ್ನ ತವರು ರಾಯಚೂರಿನ ಕಡೆ. ಮನಸ್ಸು ಎರಡಾದಾಗ ಅಲ್ಲಿ ನಮ್ಮ ಮನೆಯಲ್ಲಿ ಹೂವು ಕೇಳುತ್ತಿದ್ದರು. ದೇವರ ಫೋಟೋದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ, ಕೈಮುಗಿದು ಕೂರುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ತೆಲುಗು ನಾಡಿನ ಗಚ್ಚಿಬೌಲಿಯ ಈ ನಾಲ್ಕನೇ ಮಹಡಿಯ ಮನೆಗೂ ಆ ರೂಢಿಯನ್ನು ತಂದುಕೊಂಡಿದ್ದೇನೆ. (ಲಿಫ್ಟ್ ಇರುವ ಬಿಲ್ಡಿಂಗ್‌ನಲ್ಲಿ ದೇವರು ಇರಬಾರದೇ?)

ಹೋದ ವರ್ಷ ಮಗಳು ಗೌರಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಿಂದ ಒಂದು ಫಾರ್ಮ್ ಬಂತು. ಹೊರಗಿನ ಕಂಪನಿಯೊಂದು ಊರಿನ ಎಷ್ಟೋ ಸ್ಕೂಲುಗಳಲ್ಲಿ ಒಂದೇ ದಿನ, ಒಂದೇ ಪೇಪರಿನ ಟೆಸ್ಟ್ ನಡೆಸುತ್ತದಂತೆ. ಕೆಳಗೆ ಎರಡು ಚೌಕ. ನನ್ನ ಮಗು ಬರೆಯುತ್ತದೆ. ನನ್ನ ಮಗು ಬರೆಯುವುದಿಲ್ಲ.

ಬೇಡ ಅನ್ನುವ ಹಕ್ಕನ್ನು ಅಚ್ಚು ಹಾಕಿಸಿ ನನ್ನ ಮನೆಗೆ ಕಳಿಸಿದ್ದು ಅದೇ ಮೊದಲು.

ಗೌರಿ ಬ್ಯಾಗ್ ಕೆಳಗಿಡುವ ಮೊದಲೇ ಹೇಳಿದಳು, "ನಂಗ ಅದು ಬ್ಯಾಡಮ್ಮ. ಗಡಿಯಾರ ಇಟ್ಟು ಬರಸ್ತಾರಂತ. ನನ್ನ ಕೈ ನಡಗ್ತಾವ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರು ಮನೆಯ ಸುನೀತಾ ತನ್ನ ಮಗುವಿನ ಫಾರ್ಮಿಗೆ ಅದಾಗಲೇ ಸಹಿ ಹಾಕಿದ್ದಳು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್, ನಮ್ಮ ಬಿಲ್ಡಿಂಗ್‌ನಲ್ಲಿ ಬೆಳಿಗ್ಗೆ ಆಫೀಸ್ ಕ್ಯಾಬ್ ಬಾರದ ಮನೆ ನಮ್ಮದೊಂದೇ. ಬರೆಸದಿದ್ದರೆ ಮಗುವಿನಲ್ಲೇ ಏನೋ ಕೊರತೆ ಅಂದುಕೊಳ್ಳುತ್ತಾರೆ ಎಂದು ಆಕೆ ತೆಲುಗು, ಹಿಂದಿ ಬೆರೆಸಿ ಎಚ್ಚರಿಸಿದಳು. ಮನೆಯವರನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತದೆ, "ನಿನ್ನ ದೇವರನ್ನ ಕೇಳು, ನನಗಿಂತ ಅವರ ಮಾತೇ ನಡೀತದ ಇಲ್ಲಿ" ಅಂದರು.

ಕೇಳಿದೆ. ಎರಡು ಸೇವಂತಿಗೆ ಅಂಟಿಸಿದೆ. ಹಾಲ್‌ನ ಫ್ಯಾನಿನ ಗಾಳಿ ದೇವರ ಕೋಣೆಯ ಬಾಗಿಲಿನಿಂದ ಬಂದು ಫೋಟೋದ ಬಲಬದಿಗೇ ತಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ದಿನವೂ ದೀಪ ಹಚ್ಚುವ ಮುಂಚೆ ಫ್ಯಾನ್ ಆರಿಸುತ್ತೇನೆ. ಅವತ್ತು ಆರಿಸಲಿಲ್ಲ.

ಬಲಗಡೆಯ ಹೂವು ಬಿತ್ತು. ಕಣ್ಣಿಗೊತ್ತಿಕೊಂಡು ಸಹಿ ಹಾಕಿದೆ. ಗೌರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ದೇವರೇ ಹೂಂ ಅಂದಾನ ನೋಡವ್ವಾ" ಅಂದೆ. ಅವಳು ಮತ್ತೆ ಬೇಡ ಅನ್ನಲಿಲ್ಲ.

ಟೆಸ್ಟಿನ ದಿನ ಅರ್ಧ ಪೇಪರ್ ಖಾಲಿ ಬಿಟ್ಟು ಬಂದಳು. ಜೂನ್‌ನಲ್ಲಿ ಸ್ಕೂಲಿನವರು ಅದೇ ಮಾರ್ಕ್ಸ್ ನೋಡಿ ಸೆಕ್ಷನ್ ಒಡೆದರು. (ಫಾರ್ಮಿನಲ್ಲಿ ಇದು ಇರಲಿಲ್ಲ.) ಎಲ್‌ಕೆಜಿಯಿಂದ ಪಕ್ಕದಲ್ಲಿ ಕೂರುತ್ತಿದ್ದ ಫಾತಿಮಾ ಮೇಲಿನ ಸೆಕ್ಷನ್‌ಗೆ ಹೋದಳು. ನಮ್ಮವಳು ಕೊನೆಯದಕ್ಕೆ. ಊಟದ ಬೆಲ್ಲೂ ಬೇರೆ ಬೇರೆ. ಇಬ್ಬರಿಗೂ ಸಾಲಲಿ ಎಂದು ನಾನು ಕಟ್ಟುತ್ತಿದ್ದ ಜೋಳದ ರೊಟ್ಟಿ ಈಗ ಅರ್ಧ ಹಾಗೇ ವಾಪಸ್ ಬರುತ್ತದೆ.

ದೇವರು ಕರುಣೆ ತೋರಿಲ್ಲ ಅನ್ನಲಾರೆ. ಮಗಳಿಗೆ ಜ್ವರ ಬಂದಿಲ್ಲ, ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿಲ್ಲ. ಬಸ್ಸಿನಲ್ಲಿ ಫಾತಿಮಾ ಇವತ್ತಿಗೂ ಅವಳಿಗೆ ಕಿಟಕಿ ಪಕ್ಕದ ಜಾಗ ಹಿಡಿದಿಡುತ್ತಾಳೆ. ಇಷ್ಟನ್ನು ದಿನವೂ ನೆನೆದು ಕೈಮುಗಿಯುತ್ತೇನೆ. ಆದರೂ ದೀಪ ಹಚ್ಚುವ ಮುಂಚೆ ಆ ಫ್ಯಾನ್ ಆರಿದೆಯೇ ಎಂದು ಎರಡೆರಡು ಸಲ ಹೋಗಿ ನೋಡುತ್ತೇನೆ.

ಈ ವಾರ ಮತ್ತೆ ಫಾರ್ಮ್ ಬಂತು. ಅವೇ ಎರಡು ಚೌಕ. ಈ ಸಲ ನಾನು ದೇವರ ಕೋಣೆಗೆ ಹೋಗಲಿಲ್ಲ. ಸುನೀತಾಳಿಗೂ ಹೇಳಲಿಲ್ಲ. ಗೌರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ನು ಅವಳ ಕೈಗೇ ಕೊಟ್ಟು, "ನೀನ ಹೇಳು ಕಂದ. ಬ್ಯಾಡ ಅಂದ್ರ ಬ್ಯಾಡ. ನಾ ಸಹಿ ಹಾಕ್ತೀನಿ" ಅಂದೆ.

ಅವಳು ಪೆನ್ನನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

"ದೇವರನ್ನ ಕೇಳಮ್ಮ" ಅಂದಳು.

ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?