ಖಾಸಿಂಬಿ ಚಾಚಿಯ ಕಾದ ಸೂಜಿ

“ಕಾಲಿನ ಬಟ್ಟು ಹಿಡದು ನಿನ್ನ ಕಡಿ ಜಗ್ಗಿಕೋತ ಕುಂದ್ರು. ನಾ ಸೂಜಿ ಕಾಸ್ಕೊಂಡು ಬರ್ತೀನಿ,” ಎಂದು ಖಾಸಿಂಬಿ ಚಾಚಿ ಒಳಗೆ ಹೋದಳು. ಅವಳ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ ನಾನು ಬೆವತುಹೋದೆ.

ಅದು ನಿಜಾಮರ ಕಾಲದ ಮಸ್ಕಿ. ಮೊಹರಮ್ಮಿನಲ್ಲಿ ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ದಿನವೂ ಕುಣಿದು ನನ್ನ ಮೀನಖಂಡ ಕಲ್ಲಾಗಿತ್ತು. ಅಂದು ಸಂಜೆ ಪಂಜಾ ದೇವರು ವಿಸರ್ಜನೆಗೆ ಹಳ್ಳಕ್ಕೆ ಹೊರಡುವಾಗ ಹೆಜ್ಜೆ ಮೇಳದ ಮುಂದೆ ನಾನೇ ಇರಬೇಕು, ಇಲ್ಲದಿದ್ದರೆ ಆ ಜಾಗ ಗೆಳೆಯ ಸಿದ್ದನ ಪಾಲಾಗುತ್ತಿತ್ತು. ಕೌದಿ ಹೊಲಿಯುವ ಈ ಚಾಚಿ ಕಾದ ಸೂಜಿ ಚುಚ್ಚಿ ಬಿಗಿದ ಕಾಲು ಸಡಿಲಿಸುತ್ತಾಳೆಂದು ಊರಲ್ಲೆಲ್ಲ ಮಾತಿತ್ತು.

“ಇನ್ನಾ ಕೆಂಪಾಗಿಲ್ಲ,” ಒಳಗಿಂದ ಅವಳ ದನಿ. “ನೀ ಎಷ್ಟು ಜಗ್ಗಿ ಸಡ್ಲ ಮಾಡ್ಕೋತಿ, ನಾ ಅಷ್ಟು ಕಮ್ಮಿ ಚುಚ್ತೀನಿ.”

ಉಸಿರು ಬಿಗಿಹಿಡಿದು ಕಾಲ್ಬೆರಳುಗಳನ್ನು ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಅವಳು ಹೊರಬರುವಷ್ಟರಲ್ಲಿ ಎದ್ದು ನಿಂತು, ಆರಾಮಾಯಿತೆಂದು ನಾಲ್ಕು ಹೆಜ್ಜೆ ಕುಣಿದೂ ತೋರಿಸಿದೆ. ಚಾಚಿ ಅಲ್ಲೇ ಕೂತು ಅದೇ ಸೂಜಿಯಿಂದ ಕೌದಿ ಹೊಲಿಯತೊಡಗಿದಳು. ಸೂಜಿಯ ಕಣ್ಣಿನಲ್ಲಿ ಮೊದಲೇ ಪೋಣಿಸಿದ್ದ ಬಿಳಿ ದಾರ ಸುಡದೆ ಹಾಗೇ ಇತ್ತು.

ಸಂಜೆ ಮೇಳದಲ್ಲಿ ಸಿದ್ದ ಕಿವಿಯ ಬಳಿ ಬಂದು ಕೇಳಿದ, “ಚುಚ್ಚಿದ್ಲೇನಲೇ?”

“ಕೆಂಪಗ ಕಾಸಿ ಚುಚ್ಚಿದ್ಲು. ನಾ ಹಾಂ ಹೂಂ ಅನ್ಲಿಲ್ಲ,” ಎಂದೆ.

“ನನಗೂ ಹೋದ ವರ್ಷ ಹಂಗ ಚುಚ್ಚಿದ್ಲು. ನಾನೂ ಅನ್ಲಿಲ್ಲ,” ಎಂದ ಸಿದ್ದ, ನನ್ನ ಮುಖ ನೋಡದೆ.

ಆ ಸೂಜಿಯ ಗುಣ ಹೊಗಳಿದವರು ಮಸ್ಕಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಅದು ಚುಚ್ಚಿದ ಗುರುತು ತೋರಿಸಿದವರನ್ನು ಮಾತ್ರ ನಾನು ಇವತ್ತಿನವರೆಗೂ ಕಂಡಿಲ್ಲ.