ಪುಟ್ಟಮಾದಮ್ಮ ಟೀಚರ ರಬ್ಬರ್ ಡಬ್ಬಿ

ಪುಟ್ಟಮಾದಮ್ಮ ಟೀಚರ ತರಗತಿಯ ಬಾಗಿಲಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಐದನೇ ತರಗತಿಯ ಮಕ್ಕಳು ಒಳಗೆ ಹೋಗುವಾಗ ತಮ್ಮ ರಬ್ಬರುಗಳನ್ನು ಅದಕ್ಕೆ ಹಾಕಬೇಕು. ಸಂಜೆ ಹೊರಡುವಾಗ ವಾಪಸ್ಸು. ತಾಳವಾಡಿ ಬೆಟ್ಟದ ಯಾವ ಶಾಲೆಯಲ್ಲೂ ಇಂಥ ವಿಚಿತ್ರ ನಾನು ಕಂಡಿರಲಿಲ್ಲ.

ತಿಗನಾರೆ ಹಳ್ಳಿಯಲ್ಲಿ ದನ ಮೇಯಿಸಿಕೊಂಡೇ ಓದಿದವರು ಟೀಚರ್. "ಅಳುಸ್ಬ್ಯಾಡ ಕಣ್ಲಾ. ಎಜ್ಜೆ ಅಳುಸ್ಬುಟ್ರೆ ತಪ್ಪುಸ್ಕೊಂಡ ದನ ಸಿಕ್ಕದಾ? ಎಲ್ಲಿ ದಾರಿ ಬುಟ್ಟೆ, ತೋರ್ಸು" ಎನ್ನುತ್ತಿದ್ದರು. ಮಕ್ಕಳು ತಪ್ಪು ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದು, ಒಂದೊಂದೇ ಸಾಲು ಹಿಂದಕ್ಕೆ ಹೋಗಿ ಹುಡುಕುತ್ತಿದ್ದರು. ಸಿಕ್ಕಾಗ ಹೋ ಎಂಬ ಗದ್ದಲ. ಪಕ್ಕದ ಏಳನೇ ತರಗತಿಯ ಗಣಿತ ಮೇಷ್ಟ್ರು ನಾನು. ಕೆಂಪು ಪೆನ್ನು ಹಿಡಿದ ನನ್ನೆದುರು ಮಕ್ಕಳು ಕೆಮ್ಮಲೂ ಹೆದರುತ್ತಿದ್ದರು. ಅದೇ ಶಿಸ್ತು ಎಂದುಕೊಂಡಿದ್ದವನಿಗೆ ಗೋಡೆಯಾಚೆಯ ಗದ್ದಲ ಕೇಳಿದರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನನ್ನ ಮಗಳು ಗೌರಿ ಅವರ ತರಗತಿಗೆ ಬಂದ ವರ್ಷ ಉರಿ ಮನೆಗೂ ಬಂತು. ಅವಳು ನನಗೆ ತೋರಿಸುತ್ತಿದ್ದ ಲೆಕ್ಕದ ನೋಟ್‌ಬುಕ್ಕಿನಲ್ಲಿ ಒಂದೂ ತಪ್ಪಿರಲಿಲ್ಲ. ಬೀಗುತ್ತಿದ್ದೆ. ಒಂದು ದಿನ ಅವಳ ಚೀಲದಲ್ಲಿ ಇನ್ನೊಂದು ಸಿಕ್ಕಿತು. ಪುಟದ ತುಂಬ ತಪ್ಪು, ಪ್ರತಿಯೊಂದರ ಪಕ್ಕದಲ್ಲೂ 'ಇಲ್ಲಿ ದಾರಿ ಬಿಟ್ಟೆ' ಎಂದು ಅವಳದೇ ಅಕ್ಷರ. ಟೀಚರಿಗೆ ನಿಜವಾದ ಪುಸ್ತಕ, ಹೆತ್ತಪ್ಪನಿಗೆ ನಕಲು!

ಮರುದಿನ ಜಗಳಕ್ಕೇ ಹೋದೆ. ಟೀಚರ್ ನಗಲಿಲ್ಲ. "ಕಿತ್ಕಂಡು ನೋಡ್ಬ್ಯಾಡಿ ಸಾರ್. ಮಗ್ಳು ತಾನಾಗಿ ತಂದ್ಕೊಟ್ಟಾಗ ನೋಡಿ" ಎಂದರು. "ಅವತ್ತು ಆ ಕೆಂಪು ಪೆನ್ನ ಮಾತ್ರ ಒಳಕ್ಕಿಟ್ಬುಡಿ." ವಾರವಿಡೀ ಅವರ ಜೊತೆ ಮಾತು ಬಿಟ್ಟೆ.

ಈ ಜನವರಿಯಲ್ಲಿ ಅವರಿಗೆ ದೂರದ ಶಾಲೆಗೆ ವರ್ಗವಾಯಿತು. ಹೊರಡುವ ದಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಪೀಡೆ ತೊಲಗಿತು ಎಂದು ಒಳಗೊಳಗೇ ಖುಷಿಪಟ್ಟೆ. ನಾಲ್ಕು ದಿನ ಕಳೆದ ಮೇಲೆ ಗೌರಿ ಆ ಇನ್ನೊಂದು ನೋಟ್‌ಬುಕ್ ಹಿಡಿದು ನನ್ನೆದುರು ನಿಂತಳು.

"ಟೀಚರ್ ಇಲ್ವಲ್ಲ... ನೀನೇ ನೋಡಪ್ಪ."

ಕೈಯಲ್ಲಿದ್ದ ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ. ಸರಿದು ಅವಳಿಗೆ ಪಕ್ಕದಲ್ಲಿ ಜಾಗ ಮಾಡಿದೆ.

"ಎಲ್ಲಿ ದಾರಿ ಬುಟ್ಟೆ, ತೋರ್ಸವ್ವ."

ಗೌರಿಯ ಮುಖ ಅರಳಿತು. "ಟೀಚರೂ ಇಂಗೇ ಕೇಳ್ತಿದ್ರು!" ಎಂದು ನನಗೆ ಒತ್ತಿಕೊಂಡು ಕೂತಳು.

ಹೊಟ್ಟೆ ಇನ್ನೊಮ್ಮೆ ಉರಿಯಿತು. ಆದರೂ ಮಗಳ ಬೆರಳು ತೋರಿಸಿದ ಸಾಲಿಗೆ ಬಗ್ಗಿದೆ.