ಮಗ್ಗ ನಿಂತಾಗ ಫ್ರಿಜ್ಜಿಗೆ ರಜೆ

ಅವರ ಕಿವಿಯ ಮಡಿಕೆಯಲ್ಲಿ ಸದಾ ಒಂದು ಚೂರು ಹತ್ತಿ ಇರುತ್ತಿತ್ತು. ಅತ್ತರು ಹಚ್ಚಿದ್ದಲ್ಲ, ಗುಳಿಗೆ ಡಬ್ಬಿಯ ಬಾಯಿಗೆ ತುರುಕಿ ಕಳಿಸುತ್ತಾರಲ್ಲ, ಆ ಬಿಳಿ ಹತ್ತಿ. ಡಬ್ಬಿ ಒಡೆದಾಗ ಅದನ್ನು ಎಸೆಯದೆ ಕಿವಿಗೆ ಸಿಗಿಸಿಕೊಳ್ಳುತ್ತಿದ್ದರು. ಸಂಜೆ ಅದರಿಂದಲೇ ಕೌಂಟರಿನ ಗಾಜು ಒರೆಸುತ್ತಿದ್ದರು. ಎಡಗಿವಿ ಎಂದು ನನ್ನ ನೆನಪು. ನನ್ನ ತಮ್ಮ ಮಾತ್ರ ಅದು ಹತ್ತಿಯೇ ಅಲ್ಲ, ಪೆನ್ಸಿಲ್ ತುಂಡು ಎನ್ನುತ್ತಾನೆ. ಅವರ ಔಷಧ ಅಂಗಡಿಯ ಬೆಂಚಿನ ಮೇಲೆ ವರ್ಷಗಟ್ಟಲೆ ಕೂತವಳು ನಾನು, ಅವನಲ್ಲ. ಆದರೂ ಅವನು ಹೇಳಿದ ದಿನದಿಂದ ನನಗೂ ಆ ಕಿವಿಯ ಮೇಲೆ ಒಮ್ಮೊಮ್ಮೆ ಪೆನ್ಸಿಲ್ ಕಾಣುತ್ತದೆ. ಮುಂದೆ ಬರೆಯುವುದರಲ್ಲಿಯೂ ಇಂಥ ಕೆಲವು ಪೆನ್ಸಿಲ್ಲುಗಳು ಸೇರಿರಬಹುದು. ಅವರ ಋಣದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಬನಹಟ್ಟಿಯಲ್ಲಿ ಎಲ್ಲರೂ ಅವರನ್ನು ಮೆಡಿಕಲ್ ಕಾಕಾ ಎನ್ನುತ್ತಿದ್ದರು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ನನಗೆ ಜಮಖಂಡಿಯ ಕಾಲೇಜೊಂದರಲ್ಲಿ ತಾತ್ಕಾಲಿಕ ಪಾಠದ ಕೆಲಸ ಸಿಕ್ಕಿತ್ತು. ಬಸ್ಸು ನಿಲ್ಲುತ್ತಿದ್ದದ್ದು ಅವರ ಔಷಧ ಅಂಗಡಿಯ ಎದುರಿಗೇ. ಬಸ್ಸು ತಡವಾದಷ್ಟೂ ನಾನು ಅವರ ವ್ಯಾಪಾರ ನೋಡುತ್ತ ಕೂರುತ್ತಿದ್ದೆ.

ಬೀಳಗಿ ಕಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಅಂಗಡಿಯನ್ನು ಇಲ್ಲಿಗೆ ತಂದಿದ್ದರು. ಕಪಾಟುಗಳು ಆ ಊರಿನವೇ. ಒಂದರ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಹೊಸದು ಮಾಡಿಸಬಾರದೇ ಎಂದು ಯಾರೋ ಕೇಳಿದರೆ, "ಬಿಟ್ಟ ಬರೂದ ಕಲ್ತೇನ್ರಿ, ಚೆಲ್ಲೂದ ಇನ್ನೂ ಕಲ್ತಿಲ್ಲ" ಎಂದು ನಗುತ್ತಿದ್ದರು.

ಔಷಧ ಹಾಳಾಗುವುದನ್ನು ಅವರು 'ಸಾಯೂದು' ಎನ್ನುತ್ತಿದ್ದರು. ಅವಧಿ ಮುಗಿದ ಗುಳಿಗೆ ಸತ್ತ ಗುಳಿಗೆ, ಮುಗಿಯಲು ಬಂದದ್ದು ಮುದುಕ ಗುಳಿಗೆ. ಹೊಸ ಮಾಲು ಬಂದಾಗ ಹಳೆಯದನ್ನೆಲ್ಲ ಮುಂದಕ್ಕೆ ಎಳೆದು ಹೊಸದನ್ನು ಹಿಂದೆ ಇಡುತ್ತಿದ್ದರು. "ನಮ್ಮ ಬಸ್ಸಿನ್ಯಾಗ ಮುದುಕರಿಗೆ ಮುಂದಿನ ಸೀಟ" ಎನ್ನುತ್ತಿದ್ದರು. ಗುಳಿಗೆಯ ಪಟ್ಟಿ ಕತ್ತರಿಸುವಾಗ ತಾರೀಖು ಇರುವ ತುದಿ ಕೊನೆಯವರೆಗೂ ಉಳಿಯುವಂತೆ ಕತ್ತರಿಸುವರು. ತಾರೀಖು ಹೋದರೆ ಉಳಿದ ಗುಳಿಗೆಗಳ ವಯಸ್ಸು ಯಾರಿಗೆ ಗೊತ್ತಾಗಬೇಕು?

ಕಂಪನಿಯ ಪ್ರತಿನಿಧಿಗಳೊಂದಿಗೆ ಅವರ ಜಗಳ ನೋಡಲೆಂದೇ ನಾನು ಒಮ್ಮೊಮ್ಮೆ ಬಸ್ಸು ಬಿಟ್ಟದ್ದುಂಟು. ಟೈ ಕಟ್ಟಿಕೊಂಡು ಬೆವರುತ್ತ ಬಂದ ಹುಡುಗನೊಬ್ಬ, "ಹತ್ತು ಬಾಕ್ಸ್ ತಗೋರಿ ಕಾಕಾ, ಎರಡು ಫುಕಟ ಕೊಡ್ತೀವಿ" ಎಂದ.

"ಫುಕಟ ಬಂದದ್ದು ಯಾರ ಹೊಟ್ಟಿಗೆ ಹೋಗಬೇಕೋ?"

"ಮಾರ್ರಿ ನೀವು."

"ಈ ಓಣ್ಯಾಗ ಅಷ್ಟ ಮಂದಿಗೆ ಹೊಟ್ಟಿ ಉರಿ ಇಲ್ಲೋ ತಮ್ಮಾ. ನೀ ದಿನಾ ಬಂದ್ರ ಆಗಬಹುದು ನೋಡು."

ಹುಡುಗ ತಾನೂ ನಕ್ಕು, ಎರಡೇ ಬಾಕ್ಸಿನ ಆರ್ಡರ್ ಬರೆದುಕೊಂಡು ಹೋದ.

ಜನ ಮನೆಯಲ್ಲಿ ಉಳಿದ ಗುಳಿಗೆಗಳನ್ನು ವಾಪಸು ತರುತ್ತಿದ್ದರು. ಕಾಕಾ ತೆಗೆದುಕೊಳ್ಳುತ್ತಿದ್ದರು, ಆದರೆ ತಂದವರ ಕಣ್ಣೆದುರೇ ಕತ್ತರಿಯಿಂದ ತುಂಡರಿಸಿ ಡಬ್ಬಿಗೆ ಹಾಕುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು, "ಅಯ್ಯ, ಛಲೋ ಗುಳಿಗಿ ಯಾಕ ಕತ್ತರಿಸ್ತೀರಿ? ಬ್ಯಾರೆದಾರಿಗೆ ಕೊಡ್ರೆಲ್ಲ" ಎಂದಳು.

"ಎಲ್ಲಿಟ್ಟಿದ್ದಿ ಯವ್ವಾ ಇದನ್ನ? ಒಲಿ ಮ್ಯಾಲಿನ ಗೂಡಿನ್ಯಾಗ ಹೌದಿಲ್ಲೊ?"

ಹೆಂಗಸು ಬಾಯಿಗೆ ಸೆರಗು ಹಿಡಿದಳು. "ನಿಮಗ ಹೆಂಗ ಗೊತ್ತಾತ್ರೀ?"

"ಒಗ್ಗರಣಿ ವಾಸ್ನಿ ಬರಾಕತ್ತೈತಿ."

ಇಂಥ ವಾಪಸು ಕಡಿಮೆ ಮಾಡಲೆಂದೇ, ಹೊಸ ಔಷಧವಾದರೆ ಮೊದಲು ಸ್ವಲ್ಪ ಒಯ್ಯಲು ಹೇಳುವರು: ಹೊಟ್ಟೆಗೆ ಹಿಡಿಸುತ್ತದೋ ಇಲ್ಲವೋ ನೋಡಿ ಮತ್ತೆ ಬಾ. ಸೋಂಕಿನ ಔಷಧಕ್ಕೆ ಮಾತ್ರ ಈ ರಿಯಾಯಿತಿ ಇರಲಿಲ್ಲ. "ಇದು ಪೂರಾ ನುಂಗಬೇಕು. ಅರ್ಧಾ ಬಿಟ್ಟರ ಔಷಧಾನೂ ಹಾಳು, ನೀನೂ ಹಾಳು."

ಎಲ್ಲಕ್ಕಿಂತ ಹೆಚ್ಚು ಅವರು ಕಾಯುತ್ತಿದ್ದದ್ದು ಹಿಂದಿನ ಮೂಲೆಯಲ್ಲಿದ್ದ ಸಣ್ಣ ಫ್ರಿಜ್ಜನ್ನು. ಅದರಲ್ಲಿ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಾಟಲಿಗಳಿದ್ದವು. ಆಗ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವಂತಿರಲಿಲ್ಲ. ಆದರೆ ನಮ್ಮ ಊರಲ್ಲಿ ಕರೆಂಟು ಹೋದದ್ದು ತಿಳಿಯಲು ದೀಪ ನೋಡಬೇಕಾಗಿಲ್ಲ. ಓಣಿ ತುಂಬ ಖಟಖಟ ಎನ್ನುವ ಮಗ್ಗಗಳು ಒಮ್ಮೆಲೇ ಸುಮ್ಮನಾಗುತ್ತವೆ. ಮಾತಿನ ನಡುವೆ ಆ ಸದ್ದು ನಿಂತರೆ ಕಾಕಾ ಎದ್ದು ಹೋಗಿ ಫ್ರಿಜ್ಜಿನ ಹಿಡಿಕೆಗೆ ತಮ್ಮ ಹೆಗಲ ಟವೆಲು ಕಟ್ಟಿ ಬರುತ್ತಿದ್ದರು. ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಉಳಿಯುತ್ತದೆ ಎಂದು. ಯಾರಾದರೂ ತಣ್ಣೀರು ಕೇಳಿದರೆ, "ಮಗ್ಗ ನಿಂತಾವ, ಫ್ರಿಜ್ಜಿಗೆ ರಜಾ" ಎನ್ನುವರು. ಮಗ್ಗ ನಡೆಯುವಾಗಲೂ ಅದರಲ್ಲಿ ತಣ್ಣೀರು ಇರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆ ಇನ್ಸುಲಿನ್ ನಮ್ಮ ಮನೆಗೂ ಬರುತ್ತಿತ್ತು, ಅವ್ವನಿಗಾಗಿ. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಹಿಂದಿನ ಓಣಿಯಲ್ಲಿದ್ದ ಚಿಗವ್ವನ ಮನೆಯಲ್ಲಿತ್ತು. ಚಿಗವ್ವ ಎಂದರೆ ಅಪ್ಪನ ತಮ್ಮನ ಹೆಂಡತಿ. ಮಗ್ಗದ ಶೆಡ್ಡು ಪಾಲಾದಾಗ ಅವ್ವನಿಗೂ ಅವಳಿಗೂ ಮಾತು ಬಿಟ್ಟುಹೋಗಿತ್ತು. ಬಹಳ ಕಾಲದ ನಂತರ ಚಿಗವ್ವ ತಾನಾಗಿ ಬಂದು, "ಅಕ್ಕಾ, ನಿನ್ನ ಬಾಟ್ಲಿ ನಮ್ಮ ಫ್ರಿಜ್ಜಿನ್ಯಾಗ ಇಡ್ತೇನಿ ಕೊಡು" ಎಂದಳು. ಅಲ್ಲಿಂದ ಅವ್ವ ದಿನಾ ಬೆಳಿಗ್ಗೆ ಸಂಜೆ ಸೂಜಿ ಚುಚ್ಚಿಸಿಕೊಳ್ಳಲು ಅವಳ ಮನೆಗೆ ಹೋಗುವಂತಾಯಿತು. ಹೋದವಳು ಚಹ ಕುಡಿದು ಬರತೊಡಗಿದಳು.

ಆ ವರ್ಷ ಬೇಸಿಗೆಯಲ್ಲಿ ಅವ್ವನ ಕಾಲ್ಬೆರಳಿಗೆ ಗಾಯವಾಯಿತು. ಚಪ್ಪಲಿ ಕಚ್ಚಿದ್ದಷ್ಟೇ. ಅದು ಮಾಯಲಿಲ್ಲ, ಕಪ್ಪಾಗುತ್ತ ಬಂತು. ಜಮಖಂಡಿಯ ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಸಕ್ಕರೆ ಇಳಿಯಲಿಲ್ಲ. "ಇನ್ನೊಂದು ವಾರ ನೋಡ್ತೇನಿ. ಇಳೀಲಿಲ್ಲ ಅಂದ್ರ ಬೆಳಗಾವಿಗೆ ಕರ್ಕೊಂಡು ಹೋಗಿ ಬೆರಳು ತೆಗಿಸ್ರಿ. ತಡಾ ಮಾಡಿದ್ರ ಪಾದಾನೂ ಹೋಗ್ತದ" ಎಂದರು. ಅವ್ವ ಹೊರಗೆ ಬಂದವಳೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇದು ಪೆನ್ಸಿಲ್ ಅಲ್ಲ. ಇದು ನನಗೆ ಸ್ಪಷ್ಟವಾಗಿ ನೆನಪಿದೆ.

ಮರುದಿನ ಬಸ್ಸಿಗೆ ಕಾಯುವಾಗ ಕಾಕಾರಿಗೆ ಎಲ್ಲ ಹೇಳಿದೆ. ಅವರು ಡೋಸು ಎಷ್ಟೆಂದು ಕೇಳಲಿಲ್ಲ. "ಕಾಲೇಜು ಇರಲಿ ಇವತ್ತ. ಮೊದ್ಲ ಬಾಟ್ಲಿ ತೊಗೊಂಡ ಬಾ, ಅವ್ವನ್ನೂ ಕರ್ಕೊಂಡ ಬಾ" ಎಂದರು.

ಅವ್ವ ಕುಂಟುತ್ತ ಬಂದಳು. ಬಾಟಲಿ ಕೊಡಲೆಂದು ಚಿಗವ್ವನೂ ಜೊತೆಗೆ ಬಂದಳು. ಕಾಕಾ ಬಾಟಲಿಯನ್ನು ಎರಡು ಅಂಗೈ ನಡುವೆ ನಿಧಾನವಾಗಿ ಹೊರಳಿಸಿ ಬೆಳಕಿಗೆ ಹಿಡಿದರು. ಹಾಲಿನ ಹಾಗೆ ಒಂದೇ ಸಮ ಇರಬೇಕಾದದ್ದು ಒಡೆದ ಹಾಲಿನಂತೆ ಕಂಡಿತು. ಬಿಳಿ ಚೂರುಗಳು ಗಾಜಿಗೆ ಅಂಟಿದ್ದವು. ಅವರು ಮತ್ತೊಮ್ಮೆ ಹೊರಳಿಸಿದರು. ಅವ್ವನ ಕಾಲು ನೋಡಿದರು. ಚಿಗವ್ವನ ಕಡೆಗೂ ನೋಡಿದರು ಎಂದು ಈಗ ಅನ್ನಿಸುತ್ತದೆ. ಆಮೇಲೆ, "ತಪ್ಪ ನಂದೈತಿ" ಎಂದರು. "ಹಿಂದಿನ ತಿಂಗಳ ಕರೆಂಟು ಹೋದಾಗ ನನ್ನ ಫ್ರಿಜ್ ಕೈ ಕೊಟ್ಟೈತಿ. ಸತ್ತ ಔಷಧ ಚುಚಗೊಳ್ಳಾಕತ್ತೀಯಲ್ಲ ತಂಗಿ, ಸಕ್ಕರಿ ಹೆಂಗ ಇಳೀಬೇಕು?"

ಅವ್ವ ಸುಮ್ಮನಿರುವವಳಲ್ಲ. "ಮುದುಕರಿಗೆ ಮುಂದಿನ ಸೀಟ ಅಂತಿದ್ರೆಲ್ಲ, ನನಗ ಹೆಣಾನ ಕೊಟ್ಟ್ರೇನ್ರಿ?" ಎಂದು ಅಂಗಡಿಯ ಮುಂದೆಯೇ ಕೂಗಾಡಿದಳು. ಬಸ್ಸಿಗೆ ನಿಂತವರೆಲ್ಲ ಕೇಳಿದರು. ಕಾಕಾ ಹೊಸದಾಗಿ ಬಂದ ಪೆಟ್ಟಿಗೆಯಿಂದ ಬಾಟಲಿ ತೆಗೆದು, "ನಾನ ಬಂದು ಇಡ್ತೇನಿ ನಡೀರಿ" ಎಂದು ನಮ್ಮೊಂದಿಗೆ ಹೊರಟರು. ಚಿಗವ್ವನ ಫ್ರಿಜ್ ತೆರೆದು ಒಳಗೆಲ್ಲ ಕಣ್ಣಾಡಿಸಿ, ನಡುವಿನ ಖಾನೆಯಲ್ಲಿ ಮೊಸರಿನ ಪಾತ್ರೆಯ ಪಕ್ಕ ಬಾಟಲಿ ಇಟ್ಟರು. "ಈ ಜಾಗಾ ಇದಕ್ಕ ಲಕ್ಕಿ ಐತಿ ನೋಡವಾ, ಇಲ್ಲೇ ಇರಲಿ. ಮ್ಯಾಲ ಬ್ಯಾಡ. ಭಾಳ ಥಂಡಿ ಆದ್ರ ಇದಕ್ಕೂ ನೆಗಡಿ ಬರ್ತೈತಿ." ಚಿಗವ್ವ ತಲೆ ಆಡಿಸಿದಳು. ನಕ್ಕಳೋ ಇಲ್ಲವೋ ನೆನಪಿಲ್ಲ.

ಕಾಕಾ ಅಷ್ಟಕ್ಕೇ ಬಿಡಲಿಲ್ಲ. ಅವ್ವನ ಹಳೆಯ ಬಾಟಲಿಯಿದ್ದ ಪೆಟ್ಟಿಗೆಯಿಂದಲೇ ಬಾಟಲಿ ಒಯ್ದವರ ಮನೆಗೆಲ್ಲ ಸೈಕಲ್ಲಿನಲ್ಲಿ ಹೋಗಿ ವಾಪಸು ತಂದರು, ರಬಕವಿಯವರೆಗೂ. ಬದಲಿಗೆ ಹೊಸದು ಕೊಟ್ಟರು. ಖರ್ಚೆಲ್ಲ ಅವರದೇ. ಮೆಡಿಕಲ್ ಕಾಕಾ ಕೆಟ್ಟ ಔಷಧ ಮಾರಿದ ಎಂಬ ಮಾತು ಊರೆಲ್ಲ ಹಬ್ಬಿತು, ಕೆಲವರು ಬೇರೆ ಅಂಗಡಿ ಹಿಡಿದರು.

ವಾಪಸು ಬಂದ ಬಾಟಲಿಗಳನ್ನು ಅವರು ಒಂದೊಂದಾಗಿ ಹೊರಳಿಸಿ ನೋಡುತ್ತಿದ್ದಾಗ ನಾನು ಬೆಂಚಿನ ಮೇಲಿದ್ದೆ. ಒಂದನ್ನು ನಾನೂ ಕೈಗೆತ್ತಿಕೊಂಡೆ. ಹಾಲಿನಂತೆ ಒಂದೇ ಸಮನಾಗಿತ್ತು.

"ಕಾಕಾ, ಇದು ಛಲೋ ಐತೆಲ್ರೀ?"

"ಕಣ್ಣಿಗೆ ಛಲೋ ಐತಿ."

"ಮತ್ತ ಯಾಕ ಒಗೀತೀರಿ?"

"ನಾ ಕೆಟ್ಟಾವ ಅಂದ ಮ್ಯಾಲ ಕೆಟ್ಟಾವ" ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಟ್ಟವುಗಳ ಡಬ್ಬಿಗೆ ಹಾಕಿದರು.

ಹೊಸ ಬಾಟಲಿಯಿಂದ ಅವ್ವನ ಸಕ್ಕರೆ ಇಳಿಯಿತು. ವಾರದ ಮೇಲೆ ಡಾಕ್ಟರು ಬೆಳಗಾವಿಯ ಮಾತೆತ್ತಲಿಲ್ಲ. ಗಾಯ ಮಾಯಲು ಮಳೆಗಾಲ ಹಿಡಿಯಿತು, ಆದರೆ ಬೆರಳು ಉಳಿಯಿತು. ಕಾಕಾ ಅಲ್ಲಿಂದ ಮುಂದೆ ಇನ್ಸುಲಿನ್ ಕೂಡಿಡುವುದನ್ನೇ ಬಿಟ್ಟರು. ಬೇಕಾದವರು ಹಿಂದಿನ ದಿನ ಹೇಳಬೇಕು. ಮರುದಿನದ ಬಸ್ಸಿನಲ್ಲಿ ಬರ್ಫದ, ಅಂದರೆ ಐಸಿನ, ಡಬ್ಬಿಯೊಳಗೆ ಅಷ್ಟೇ ಬಾಟಲಿ ಬರಬೇಕು. ಹೋದ ಗಿರಾಕಿಗಳು ಕ್ರಮೇಣ ಮರಳಿದರು. ಮೊದಲು ಮರಳಿದವಳು ಅವ್ವ.

ಕೆಲವು ವರ್ಷಗಳ ನಂತರ ಕಾಕಾ ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಅವ್ವ ಆಟೋ ಬೇಡವೆಂದು ಅವರ ಮನೆಯವರೆಗೆ ನಡೆದೇ ಹೋದಳು. ಅವರ ಕಾಲ ಬಳಿ ನಿಂತು, "ಇವರ ಫ್ರಿಜ್ ಕೆಟ್ಟಿತ್ತ, ಮನಸ ಕೆಟ್ಟಿರಲಿಲ್ಲ" ಎಂದು ಅತ್ತಳು. ಪಕ್ಕದಲ್ಲಿದ್ದ ಚಿಗವ್ವ ನಮ್ಮೆಲ್ಲರಿಗಿಂತ ಹೆಚ್ಚು ಅತ್ತಳು.

ಆ ಅಳುವೇ ನನ್ನನ್ನು ಕಾಡತೊಡಗಿದ್ದು. ಒಮ್ಮೆ ಅವ್ವನ ಇನ್ಸುಲಿನ್ ಪೆಟ್ಟಿಗೆಯೊಳಗಿನ ಸಣ್ಣ ಅಕ್ಷರದ ಹಾಳೆ ಓದಿದೆ. ಕಾವು ತಾಗಬಾರದು, ಹೆಪ್ಪುಗಟ್ಟಲೂಬಾರದು ಎಂದಿತ್ತು. ಎರಡರಲ್ಲಿ ಯಾವುದೊಂದು ಆದರೂ ಔಷಧ ಕೆಡುತ್ತದಂತೆ. ಪದೇ ಪದೇ ಕರೆಂಟು ಕೈಕೊಡುತ್ತಿದ್ದ ಆ ಬೇಸಿಗೆಯಲ್ಲಿ, ಬಾಟಲಿಯ ತಂಪು ಕಡಿಮೆಯಾಗದಿರಲಿ ಎಂಬ ಕಾಳಜಿಯಿಂದಲೇ ಯಾರಾದರೂ ಅದನ್ನು ಮೇಲಿನ ಬರ್ಫದ ಖಾನೆಗೆ ಸೇರಿಸಿದ್ದರೆ? ನಮ್ಮ ಬಾಟಲಿಯೊಂದೇ ಕೆಟ್ಟಿದ್ದರೆ, ಒಂದು ಚೂರು ಹತ್ತಿಯನ್ನೂ ಚೆಲ್ಲದ ಮನುಷ್ಯ ಅಷ್ಟು ಒಳ್ಳೆಯ ಔಷಧವನ್ನು ಬೇಕೆಂದೇ ಚೆಲ್ಲಿದರೇ? ಕಣ್ಣಿಗೆ ಕಾಣದ ಕೇಡು ಎಲ್ಲದರಲ್ಲೂ ಇದ್ದೀತು ಎಂಬ ನಿಜವಾದ ಭಯವೂ ಅವರಿಗೆ ಇದ್ದಿರಬಹುದು. ನಾನು ಕೈಗೆತ್ತಿಕೊಂಡ ಬಾಟಲಿ ಅಷ್ಟು ಚೆನ್ನಾಗಿತ್ತು ಎಂಬುದನ್ನೂ ಪ್ರಮಾಣ ಮಾಡಿ ಹೇಳಲಾರೆ.

ಈಗ ಅವ್ವನೂ ಚಿಗವ್ವನೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ. ಒಂದು ಸಂಜೆ ಅವ್ವ ನೀರು ಕುಡಿಯಲು ಒಳಗೆ ಹೋದಾಗ ನಾನು ದನಿ ತಗ್ಗಿಸಿ ಕೇಳಿದೆ. ಚಿಗವ್ವ ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಮತ್ತೆ ಕೇಳುವ ಧೈರ್ಯ ನನಗೂ ಆಗಿಲ್ಲ, ಅವಳಾಗಿ ಹೇಳಿಯೂ ಇಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಆ ಬಾಟ್ಲಿ ಬರ್ಫದ ಖಾನ್ಯಾಗ ಇಟ್ಟಿದ್ದೇನ ಬೇ?"